ಮಳೆ ಹಾಡು ಬ್ಯಾಡ ಕಣಣ್ಣ

ಕನ್ನಡದಲ್ಲಿ ಮಳೆ ಹಾಡು ಹೇಳಿ ಅಂದ್ರೆ ಯಾರು ಬೇಕಾದ್ರೂ ನಿಂತ ಕಾಲಲ್ಲಿ ಇಪ್ಪತ್ತು ಹೇಳ್ತಾರೆ. ಬೇಸಿಗೆ ಹಾಡು ಹೇಳಿ ಅಂದ್ರೆ? ಒಂದು ಹೇಳಿ, ಎರಡನೆಯದಕ್ಕೆ ತಲೆ ಕೆರೆದುಕೊಂಡು, ಮೂರನೆಯದಕ್ಕೆ ಮತ್ತೆ ಮಳೆಗೇ ಬಂದು ನಿಲ್ತಾರೆ. ನಮ್ಮ ಆಫೀಸಿನಲ್ಲಿ ಕೇಳಿ ನೋಡಿದೆ. ಕನ್ನಡ ಬರೋ ಆರು ಜನರಲ್ಲಿ ಐದು ಜನ 'ಮುಂಗಾರು ಮಳೆ' ಅಂದರು. ಆರನೆಯವನು 'ಗಾಳಿಪಟ' ಅಂದ. ಅಲ್ಲೂ ಮಳೆಯೇ.

ಈ 'ಸಮ್ಮರ್ ಪ್ಲೇಲಿಸ್ಟ್' ಅನ್ನೋ ಕಲ್ಪನೆ ನಮ್ಮದಲ್ಲ ಬಿಡಿ. ಅದು ವರ್ಷದಲ್ಲಿ ಎಂಟು ತಿಂಗಳು ಕೋಟು ಹಾಕ್ಕೊಂಡು ಓಡಾಡೋ ಜನರದು. ಅವರಿಗೆ ಬಿಸಿಲು ಅಪರೂಪಕ್ಕೆ ಬರೋ ನೆಂಟ, ಬಂದಾಗ ಹಾಡು ಹಾಕಿ ಕುಣೀತಾರೆ. ಅರಸೀಕೆರೆ ಸೀಮೆಯ ನಮ್ಮಂಥವರಿಗೆ ಬಿಸಿಲು ಅಂದ್ರೆ ಸಾಲ ವಸೂಲಿಗೆ ಬಂದು ಜಗಲಿ ಮೇಲೆ ಕೂತವನು. ಅವನ ಎದುರಿಗೆ ಯಾರು ಹಾಡ್ತಾರೆ?

ಆದರೂ ನಾನು ಪಟ್ಟಿ ಮಾಡಬೇಕಾಯಿತು. ಕೇಳಿದವನು ನನ್ನ ತಮ್ಮ. ತೋಟ, ಎರಡು ಎಮ್ಮೆ, ಅಮ್ಮ, ಸೊಸೈಟಿ ಸಾಲ, ಎಲ್ಲ ಅವನ ಸುಪರ್ದಿಯಲ್ಲಿವೆ. ಅವನು ನನ್ನ ಹತ್ತಿರ ಏನನ್ನೂ ಕೇಳುವ ಪೈಕಿ ಅಲ್ಲ. ಮೂರನೇ ಬೋರ್ ಕೊರೆಸಿದ ಸುದ್ದಿಯನ್ನೂ ಕೊರೆಸಿ ಆದ ಮೇಲೆ ಅಮ್ಮ ಹೇಳಿದ್ದು. ಅಂಥವನು ಫೋನ್ ಮಾಡಿ, "ಬ್ಯಾಸ್ಗೆ ಮುಗಿಯೋಗಂಟ ಕೇಳಕ್ಕೆ ಒಂದಷ್ಟು ಹಾಡು ಹಾಕಿ ಕಳ್ಸಣ್ಣ" ಅಂದ. ನಾನು ಖುಷಿಯಿಂದ ಯಾವುದು ಬೇಕೋ ಅಂದೆ. "ಯಾವ್ದಾದ್ರೂ ಹಾಕು. ಮಳೆ ಹಾಡು ಬ್ಯಾಡ ಕಣಣ್ಣ, ಹೊಟ್ಟೆ ಉರೀತದೆ."

ಹೊಟ್ಟೆ ಉರಿಯೋಕೆ ಕಾರಣ ಇದೆ. 2006ರ ಕೊನೆಯಲ್ಲಿ ಬಂದ 'ಮುಂಗಾರು ಮಳೆ'ಯಲ್ಲಿ ನೀವೆಲ್ಲ ಬಾಯಿಬಿಟ್ಟುಕೊಂಡು ನೋಡಿದ ಆ ಮಳೆ ಬಹಳಷ್ಟು ಸಕಲೇಶಪುರದ ಕಡೆಯದು. ಸಕಲೇಶಪುರವೂ ಹಾಸನ ಜಿಲ್ಲೆ, ಅರಸೀಕೆರೆಯೂ ಹಾಸನ ಜಿಲ್ಲೆ. ಒಂದೇ ಡಿಸಿ, ಒಂದೇ ಜಿಲ್ಲಾ ಪಂಚಾಯ್ತಿ. ಅವರು ಮಳೆ ನಿಲ್ಲಲಿ ಅಂತ ದೇವರಿಗೆ ಕೈಮುಗಿಯುವ ಹೊತ್ತಿಗೆ ನಾವು ಬರಲಿ ಅಂತ ಮುಗೀತಿರ್ತೀವಿ. ದೇವರಿಗೂ ಗೊಂದಲ ಆಗಿರಬೇಕು. ಮನೋಮೂರ್ತಿಯವರ ರಾಗಕ್ಕಾಗಲಿ ಜಯಂತ ಕಾಯ್ಕಿಣಿಯವರ ಮಾತಿಗಾಗಲಿ ನಾನು ಒಂದು ಕೊಂಕು ಆಡೋನಲ್ಲ, ಕಾಲೇಜು ಮುಗಿಸಿ ಕೆಲಸ ಹುಡುಕ್ತಾ ಇದ್ದ ವರ್ಷ ಆ ಹಾಡುಗಳನ್ನೇ ಉಂಡು ಮಲಗಿದೋನು ನಾನು. ಆದರೆ ತೆಂಗಿನ ಸುಳಿ ಒಣಗೋದನ್ನ ದಿನಾ ನೋಡೋನಿಗೆ ಅದನ್ನ ಕೇಳಿಸೋದು, ಉಪವಾಸ ಇರೋನ ಮುಂದೆ ಹೋಟೆಲಿನ ತಿಂಡಿ ಪಟ್ಟಿ ಓದಿದ ಹಾಗೆ.

ಇನ್ನೊಂದು ವಿಷಯ, ಈ ಪಟ್ಟಿ ರಾತ್ರಿಯದು. ನಮ್ಮ ಕಡೆ ಬೇಸಿಗೆಯಲ್ಲಿ ತ್ರೀಫೇಸ್ ಕರೆಂಟು ಬರೋದು ರಾತ್ರಿ ಹೊತ್ತು. ಹನ್ನೊಂದಕ್ಕೆ ಅಂದದ್ದು ಒಂದಕ್ಕೆ ಬರುತ್ತೆ, ಒಂದಕ್ಕೆ ಅಂದದ್ದು ಬರದೆಯೂ ಹೋಗುತ್ತೆ. ಬಂದ ತಕ್ಷಣ ಸ್ಟಾರ್ಟರ್ ಒತ್ತಬೇಕು, ಬೋರಲ್ಲಿ ಮುಕ್ಕಾಲು ಗಂಟೆಗೆ ನೀರು ಮುಗಿದು ಗಾಳಿ ಉಗುಳುತ್ತೆ, ಆಗ ತಕ್ಷಣ ಆರಿಸಬೇಕು, ಇಲ್ಲದಿದ್ದರೆ ಮೋಟರ್ ಸುಡುತ್ತೆ. ಮತ್ತೆ ಎರಡು ಗಂಟೆ ಬಿಟ್ಟು ಒತ್ತಬೇಕು. ಹಾಗಾಗಿ ತಮ್ಮ ಪಂಪ್‌ಹೌಸಿನ ಮುಂದೆ ಚಾಪೆ ಹಾಸ್ಕೊಂಡು ಕೂತಿರ್ತಾನೆ. ಮಲಗೋ ಹಾಗಿಲ್ಲ, ಎದ್ದಿದ್ದು ಮಾಡೋ ಕೆಲಸವೂ ಇಲ್ಲ. ಅಂಥ ಹೊತ್ತಿಗೆ ಬೇಕಾದ ಹಾಡು ಬೇರೆ ಜಾತಿಯದು. ತೀರಾ ಜೋಗುಳ ಆದ್ರೆ ನಿದ್ದೆ ಬಂದು ಮೋಟರ್ ಸುಟ್ಟುಹೋಗುತ್ತೆ. ತೀರಾ ದುಃಖದ್ದಾದ್ರೆ ಒಬ್ಬನೇ ಕೂತವನ ತಲೆ ಎಲ್ಲೆಲ್ಲಿಗೋ ಹೋಗುತ್ತೆ. ನಮ್ಮ ಸೀಮೆಯಲ್ಲಿ ಹಾಗೆ ಹೋದ ತಲೆಗಳು ಇವೆ, ಅದನ್ನ ಇಲ್ಲಿ ಬೆಳೆಸಲ್ಲ.

ಸರಿ, ಪಟ್ಟಿಗೆ ಬರ್ತೀನಿ.

ಮೊದಲನೆಯದು 'ಕುಲವಧು'ವಿನ ಯುಗಾದಿ ಹಾಡು. 1963ರ ಚಿತ್ರ, ಬೇಂದ್ರೆಯವರ ಕವಿತೆ, ಜಿ.ಕೆ. ವೆಂಕಟೇಶ್ ಸಂಗೀತ, ಎಸ್. ಜಾನಕಿ ದನಿ. ಟೀವಿಯವರು ಇದನ್ನ ವರ್ಷಕ್ಕೊಂದು ದಿನ ಅರೆದು ಅರೆದು ಹಾಕಿ, ಮಾರನೇ ದಿನ ಮರೆತುಬಿಡ್ತಾರೆ. ಹಬ್ಬ ಮುಗಿದ ಮೇಲೆ, ಮನೆಯ ತೋರಣ ಒಣಗಿ ಗರಗರ ಅನ್ನುವಾಗ ಕೇಳಿ ನೋಡಿ. ಆಗ ಅದು ಹಬ್ಬದ ಹಾಡಾಗಿ ಉಳಿಯಲ್ಲ. ಬೇಸಿಗೆ ಅಂದ್ರೆ ಬರೀ ಒಣಗೋದು ಅಂತ ನಾವು ತಿಳಿದಿರ್ತೀವಿ, ಹೊಂಗೆ ಚಿಗುರೋದು, ಬೇವು ಹೂ ಬಿಡೋದು, ಮಾವು ಕಾಯಿ ಕಟ್ಟೋದು ಎಲ್ಲ ಇದೇ ಬಿಸಿಲಲ್ಲೇ. ಬೋರು ಬತ್ತಿದ ವರ್ಷವೂ ನಮ್ಮ ಬದುವಿನ ಹೊಂಗೆ ಯಾರನ್ನೂ ಕೇಳದೆ ಹಸಿರಾಗಿ ನಿಂತಿತ್ತು. ಆ ಹೊಂಗೆ ನೆರಳಿನ ತಂಪು ನಮ್ಮ ಆಫೀಸಿನ ಏಸಿಗೆ ಇಲ್ಲ ಅಂತ ನಾನು ಯಾವ ಕೋರ್ಟಲ್ಲಿ ಬೇಕಾದ್ರೂ ಹೇಳ್ತೀನಿ.

ಎರಡನೆಯದು ಎಮ್ಮೆ ಹಾಡು. 'ಸಂಪತ್ತಿಗೆ ಸವಾಲ್', 1974, ಇದೂ ಜಿ.ಕೆ. ವೆಂಕಟೇಶ್. ರಾಜಣ್ಣ ಎಮ್ಮೆ ಮೇಲೆ ಕೂತು ಹಾಡಿದ್ದು. ಅದಕ್ಕೆ ಮುಂಚೆ ರಾಜ್‌ಕುಮಾರ್ ಅಂದ್ರೆ ಪಿ.ಬಿ. ಶ್ರೀನಿವಾಸ್ ಕಂಠ ಅಂತ ಜನ ಒಪ್ಪಿಕೊಂಡುಬಿಟ್ಟಿದ್ದರು. ಈ ಹಾಡು ಬಂದ ಮೇಲೆ ರಾಜ್ ತಮ್ಮ ಹಾಡನ್ನ ತಾವೇ ಹಾಡೋದು ರೂಢಿಯಾಯಿತು. ಕನ್ನಡ ಸಿನಿಮಾ ಚರಿತ್ರೆಯಲ್ಲಿ ಎಮ್ಮೆಯ ಪಾತ್ರದ ಬಗ್ಗೆ ಯಾರಾದರೂ ಪಿಎಚ್‌ಡಿ ಮಾಡಬೇಕು. ಬೇಸಿಗೆಗೂ ಎಮ್ಮೆಗೂ ಸಂಬಂಧ ಇದೆ ಅಂತಲೇ ಇದನ್ನ ಹಾಕಿದ್ದು. ಎಮ್ಮೆ ಚರ್ಮ ಕಪ್ಪು, ಬೆವರೋದು ಕಡಿಮೆ, ಅದಕ್ಕೆ ಬಿಸಿಲು ತಡೆಯಲ್ಲ, ನೀರಲ್ಲಿ ಬಿದ್ದುಕೊಂಡೇ ಮೈ ತಂಪು ಮಾಡ್ಕೋಬೇಕು. ಕೆರೆಯಲ್ಲಿ ನೀರಿದ್ದ ಕಾಲದಲ್ಲಿ ನಾನೂ ತಮ್ಮನೂ ಎಮ್ಮೆ ಬಾಲ ಹಿಡ್ಕೊಂಡೇ ಈಜು ಕಲಿತದ್ದು. ಈಗ ಕೆರೆ ಅಂಗಳದಲ್ಲಿ ಹುಡುಗರು ಕ್ರಿಕೆಟ್ ಆಡ್ತಾರೆ, ಎಮ್ಮೆಗೆ ಪೈಪಿನಲ್ಲಿ ಎರಡು ನಿಮಿಷದ ಸ್ನಾನ. ಈ ಹಾಡು ಕೇಳಿ ತಮ್ಮ ನಗಬೇಕು ಅನ್ನೋದೊಂದೇ ನನ್ನ ಉದ್ದೇಶ.

ಮೂರನೆಯದಕ್ಕೆ 'ಪಲ್ಲವಿ ಅನುಪಲ್ಲವಿ'. ಮಣಿರತ್ನಂ ಅವರ ಮೊಟ್ಟಮೊದಲ ಸಿನಿಮಾ ಕನ್ನಡದ್ದು ಅಂತ ನನ್ನ ತಮಿಳು ಟೀಮ್ ಲೀಡಿಗೆ ಹೇಳಿದಾಗ ಅವರು ನಂಬಲಿಲ್ಲ, ಹುಡುಕಿ ತೋರಿಸಬೇಕಾಯಿತು. 1983, ಇಳಯರಾಜ, ಎಸ್ಪಿಬಿ–ಜಾನಕಿ ಜೋಡಿ. ಇದರ ಗಿಟಾರ್ ರಾಗ ಆಮೇಲೆ ಐಡಿಯಾ ಮೊಬೈಲಿನ ಜಾಹೀರಾತಿಗೆ ಬಂತು. ಹಾಗಾಗಿ ಅರ್ಧ ಭಾರತಕ್ಕೆ ಅದು ಫೋನಿನ ರಿಂಗು. ಈ ಹಾಡಿಗೂ ಬೇಸಿಗೆಗೂ ಏನೂ ಸಂಬಂಧ ಇಲ್ಲ. ಆದರೆ ಸಂಜೆ ಗಾಳಿ ತಿರುಗುತ್ತಲ್ಲ, ಇಡೀ ದಿನ ಕಾದ ಹೆಂಚು ಆರೋ ಹೊತ್ತಿಗೆ ಪಡುವಣದಿಂದ ಒಂದು ಬೀಸು ಬರುತ್ತಲ್ಲ, ಆ ಗಿಟಾರ್ ನನಗೆ ಹಾಗೇ ಕೇಳಿಸೋದು. ಇಳಯರಾಜರದೇ 'ಗೀತಾ' ಕೂಡ ಹಾಕಿದೀನಿ. 1981ರದು. ಶಂಕರ್‌ನಾಗ್ ಇರೋ ಹಾಡು ಪಂಪ್‌ಹೌಸಿನಲ್ಲಿರೋದು ನಮ್ಮ ಮನೆ ಸಂಪ್ರದಾಯ. ಅಪ್ಪ ಗೋಡೆಗೆ ಅವನ ಕ್ಯಾಲೆಂಡರ್ ಅಂಟಿಸಿದ್ರು, ವರ್ಷ ಕಳೆದ ಮೇಲೂ ತೆಗೆಯಲಿಲ್ಲ.

ಅಪ್ಪನ ಮಾತು ಬಂತು, ಆದ್ದರಿಂದ ರೇಡಿಯೊ. ಅಪ್ಪ ಕೂಡ ಇದೇ ಜಾಗದಲ್ಲಿ ಕೂತಿರ್ತಿದ್ರು, ಪಕ್ಕದಲ್ಲಿ ಚರ್ಮದ ಚೀಲ ತೊಟ್ಟ ರೇಡಿಯೊ. ಭದ್ರಾವತಿ ಕೇಂದ್ರ ಹಿಡಿದರೆ, ಹಾಡು ಕೇಳಿದವರ ಹೆಸರು ಊರು ಎಲ್ಲ ಓದಿ ಮುಗಿಸೋ ಹೊತ್ತಿಗೆ ಒಂದು ಬೀಡಿ ಆಗಿಹೋಗೋದು. ಸೆಲ್ಲು ಸೋತು ದನಿ ಮೂಗಿನಿಂದ ಬರೋಕೆ ಶುರುವಾದರೆ ಹೊಸದು ತರ್ತಿರಲಿಲ್ಲ. ಸೆಲ್ಲುಗಳನ್ನ ತೆಗೆದು ಕಣದಲ್ಲಿ ಬಿಸಿಲಿಗೆ ಇಡೋರು, ಸಂಜೆಗೆ ಮತ್ತೆ ಒಂದಿಷ್ಟು ಜೀವ ಬರೋದು. ಬಿಸಿಲಿನಿಂದ ಹಾಡು ಹೊರಡುತ್ತೆ ಅಂತ ನಾನು ನಾಲ್ಕನೇ ಕ್ಲಾಸಿನವರೆಗೂ ನಂಬಿದ್ದೆ. ಇಂಜಿನಿಯರಿಂಗಿನಲ್ಲಿ ಬ್ಯಾಟರಿ ಪಾಠ ಓದುವಾಗ, ಕಾವಿಗೆ ಒಳಗಿನ ರಾಸಾಯನಿಕ ಕ್ರಿಯೆ ಸ್ವಲ್ಪ ಚುರುಕಾಗುತ್ತೆ ಅಂತ ಗೊತ್ತಾದಾಗ, ಅಪ್ಪನ ಲೆಕ್ಕ ಪೂರ್ತಿ ಸುಳ್ಳಲ್ಲ ಅಂತ ಸಮಾಧಾನ ಆಯ್ತು.

ಆಮೇಲೆ 'ಜನುಮದ ಜೋಡಿ'. 1996. ವಿ. ಮನೋಹರ್ ಸಂಗೀತ. ಎಲ್.ಎನ್. ಶಾಸ್ತ್ರಿ ಹಾಡಿದ ಆ ಜಂಗಮದ ಹಾಡು ಗೊತ್ತಲ್ಲ? ಅವರಿಗೆ ರಾಜ್ಯ ಪ್ರಶಸ್ತಿ ತಂದುಕೊಟ್ಟದ್ದು. ಇದನ್ನ ಯಾಕೆ ಬೇಸಿಗೆ ಪಟ್ಟಿಗೆ ಸೇರಿಸಿದೆ ಅಂದ್ರೆ ನಮ್ಮ ಕಡೆ ಜಾತ್ರೆ, ತೇರು, ಮದುವೆ ಎಲ್ಲ ಬೇಸಿಗೆಗೇ. ಸುಗ್ಗಿ ಮುಗಿದಿರುತ್ತೆ, ಹೊಲದಲ್ಲಿ ಕೆಲಸ ಇರಲ್ಲ. ಜಾತ್ರೆ ಅಂದ್ರೆ ಮೈಕ್‌ಸೆಟ್. ತೆಂಗಿನ ಮರಕ್ಕೆ ಎರಡು ದಿಕ್ಕಿಗೆ ಎರಡು ಹಾರನ್ ಕಟ್ಟಿ, ಕೆಳಗೆ ಅಹುಜಾ ಆಂಪ್ಲಿಫೈಯರ್ ಇಟ್ಕೊಂಡು ಕೂತ ಮೈಕ್‌ಸೆಟ್ಟಿನವನ ಠೀವಿ ನಾನು ಆಮೇಲೆ ಯಾವ ಕಂಪನಿಯ ಸಿಇಒನಲ್ಲೂ ನೋಡಿಲ್ಲ. ಅವನು ಹಾಕಿದ್ದೇ ಹಾಡು. ಕ್ಯಾಸೆಟ್ಟಿನ ರೀಲು ಸಿಕ್ಕಿಹಾಕಿಕೊಂಡರೆ ಬಾಲ್‌ಪೆನ್ನು ತೂರಿಸಿ ಸುತ್ತೋಕೆ ಹುಡುಗರ ಸಾಲೇ ಇರೋದು. ಸಿನಿಮಾ ಬಂದ ಮೇಲಿನ ಬೇಸಿಗೆಯಲ್ಲಿ ಅವನ ಹತ್ತಿರ ಬೇರೆ ಕ್ಯಾಸೆಟ್ ಇದ್ದವೋ ಇಲ್ಲವೋ, ನಾನಂತೂ ಕೇಳಲಿಲ್ಲ. ಮೂರು ಮದುವೆ, ಒಂದು ತೇರು, ಒಂದು ಗೃಹಪ್ರವೇಶ, ಎಲ್ಲದಕ್ಕೂ 'ಜನುಮದ ಜೋಡಿ'. ಹೆಣ್ಣು ಒಪ್ಪಿಸೋ ಹೊತ್ತಿನಲ್ಲೂ ಅದೇ ಶಾಸ್ತ್ರಿಗಳ ಕಂಠ. ಹಾರನ್ನಿನಲ್ಲಿ ಕೇಳಿದ ಹಾಡಿಗೆ ಒಂದು ವಿಚಿತ್ರ ಗುಣ ಇದೆ, ಗಾಳಿ ಆ ಕಡೆ ತಿರುಗಿದಾಗ ಅರ್ಧ ಸಾಲು ಹಾರಿಹೋಗುತ್ತೆ. ಈಗ ಹೆಡ್‌ಫೋನಿನಲ್ಲಿ ಇಡಿಯಾಗಿ ಕೇಳುವಾಗಲೂ ಆ ಜಾಗಗಳಲ್ಲಿ ನನಗೆ ಹಾಡು ಒಂದು ಚೂರು ದೂರ ಹೋದ ಹಾಗೇ ಅನ್ನಿಸುತ್ತೆ.

'ಜೀವನ ಚೈತ್ರ' ಬಿಡೋ ಹಾಗಿಲ್ಲ. ಹೆಸರಲ್ಲೇ ಚೈತ್ರ ಇದೆ. ಉಪೇಂದ್ರಕುಮಾರ್ ಸಂಗೀತದ ಆ ತೋಡಿ ರಾಗದ ಹಾಡಿಗೆ 1992ರ ಸಾಲಿನ ರಾಷ್ಟ್ರಪ್ರಶಸ್ತಿ ರಾಜ್‌ಕುಮಾರ್‌ಗೆ ಬಂತು, ನಟನೆಗಲ್ಲ, ಗಾಯನಕ್ಕೆ. ಎಮ್ಮೆ ಮೇಲೆ ಕೂತು ಹಾಡಿದವರು ಹದಿನೆಂಟು ವರ್ಷಕ್ಕೆ ಅಲ್ಲಿಗೆ ತಲುಪಿದ್ದರು. ಹಾಡು ಉದ್ದ. ಕರೆಂಟಿಗೆ ಕಾಯುವವನಿಗೆ ಉದ್ದದ ಹಾಡು ಒಳ್ಳೇದು.

'ನಾಗಮಂಡಲ'ದಿಂದ ಎರಡು, 'ಸಂತ ಶಿಶುನಾಳ ಶರೀಫ'ದಿಂದ ಮೂರು. ಅಶ್ವತ್ಥರ ದನಿಯಲ್ಲಿ ಒಂದು ಒರಟು ಇದೆಯಲ್ಲ, ಅದು ಬಿಸಿಲಿನ ಒರಟು. ನುಣ್ಣಗಿನ ದನಿಗಳು ಏಪ್ರಿಲ್‌ನಲ್ಲಿ ನನಗೆ ಹಿಡಿಸಲ್ಲ. ಶರೀಫಜ್ಜನ ಊರಾದ ಶಿಶುನಾಳವೂ ಮಳೆಯನ್ನ ಲೆಕ್ಕ ಹಾಕಿ ಬದುಕೋ ಸೀಮೆ. ಅವರ ಪದಗಳಲ್ಲಿ ಮನೆ, ಮಗ್ಗ, ಹೊಲ, ಬೀಸೋ ಕಲ್ಲು ಎಲ್ಲ ಬಂದು ತತ್ವ ಹೇಳ್ತವೆ. ತತ್ವ ಅರ್ಥ ಆಗದಿದ್ದರೂ ನಡೆಯುತ್ತೆ.

ಕೊನೆಗೆ 'ಮೈಸೂರ ಮಲ್ಲಿಗೆ'. ಪುಸ್ತಕ 1942ರದು, ನಾಗಾಭರಣರ ಸಿನಿಮಾ ಬಂದದ್ದು ಐವತ್ತು ವರ್ಷದ ಮೇಲೆ. ಮಲ್ಲಿಗೆ ರಾಶಿ ಬೀಳೋದು ಬೇಸಿಗೆಯಲ್ಲೇ. ಮಳೆಗಾಲದಲ್ಲಿ ಮೊಳ ಕೊಳ್ಳೋಕೆ ಹಿಂದೆ ಮುಂದೆ ನೋಡೋ ಹೆಂಗಸರು ಈಗ ಮಾರುಗಟ್ಟಲೆ ಮುಡೀತಾರೆ. ಕೆ.ಎಸ್.ನ. ಹುಟ್ಟಿದ ಕಿಕ್ಕೇರಿ ನಮ್ಮೂರಿಗೆ ಭಾರೀ ದೂರ ಏನಲ್ಲ. ಇದನ್ನ ಹಾಕಿದ್ದಕ್ಕೆ ಒಂದು ಒಳಗಿನ ಕಾರಣ ಇದೆ. ತಮ್ಮನಿಗೆ ಮೂವತ್ತೊಂದು. ಎರಡು ಕಡೆ ಹೆಣ್ಣು ನೋಡಿ ಬಂದೆವು. ಹುಡುಗ ಒಳ್ಳೆಯವನು, ಆದರೆ ಊರಲ್ಲಿರ್ತಾನಂತಲ್ಲ ಅಂದರು ಎರಡೂ ಕಡೆ. ಬೆಂಗಳೂರಲ್ಲಿ ಸೆಕ್ಯುರಿಟಿ ಕೆಲಸ ಆದರೂ ಪರವಾಗಿಲ್ಲವಂತೆ, ತೊಂಬತ್ತು ತೆಂಗಿನ ಮರ ಬೇಡವಂತೆ. ಹೋದ ತಿಂಗಳು ಅವನೇ ಕೇಳಿದ, "ಅಣ್ಣಾ, ನಿಮ್ಮ ಆಫೀಸ್ ಕಡೆ ಡ್ರೈವರ್ ಕೆಲ್ಸ ಗಿಲ್ಸ ಇದ್ಯಾ?" ನಾನು ವಿಚಾರಿಸ್ತೀನಿ ಅಂದೆ. ವಿಚಾರಿಸಿದೆ ಕೂಡ. ಇದೆ. ಇನ್ನೂ ಅವನಿಗೆ ಹೇಳಿಲ್ಲ, ಅಮ್ಮನಿಗೂ ಹೇಳಿಲ್ಲ. ತೋಟ ಅವನು ಬಿಟ್ಟರೆ ನಾನು ಹೋಗಿ ನೋಡ್ಕೋತೀನಾ? ಈ ಪ್ರಶ್ನೆಗೆ ಉತ್ತರ ಕೊಡೋಕೆ ಬೇಕಾದ ಧೈರ್ಯ ಸದ್ಯಕ್ಕೆ ನನ್ನ ಹತ್ತಿರ ಇಲ್ಲ. ಹಾಡು ಇದ್ದವು, ಹಾಕಿದೆ.

ಪೆನ್‌ಡ್ರೈವಿನ ಬಗ್ಗೆ ಒಂದು ಮಾತು, ಯಾರಿಗಾದರೂ ಉಪಯೋಗಕ್ಕೆ ಬರಬಹುದು. ಸಂತೆಯಲ್ಲಿ ಸಿಗೋ ಚೈನಾ ಸ್ಪೀಕರುಗಳು ಹಾಡುಗಳನ್ನ ಹೆಸರಿನ ಕ್ರಮದಲ್ಲಿ ಹಾಡಲ್ಲ, ನೀವು ಯಾವ ಕ್ರಮದಲ್ಲಿ ಕಾಪಿ ಮಾಡಿದ್ರೋ ಆ ಕ್ರಮದಲ್ಲಿ ಹಾಡ್ತವೆ. ಒಟ್ಟಿಗೆ ಎಳೆದು ಹಾಕಿದರೆ ಎಲ್ಲ ಕಲಸುಮೇಲೋಗರ. ಮೊದಲು ಪೂರ್ತಿ ಫಾರ್ಮ್ಯಾಟ್ ಮಾಡಿ, ಆಮೇಲೆ ಒಂದೊಂದಾಗಿ ಹಾಕಬೇಕು. ನಾನು ಅದಕ್ಕೆ ಒಂದು ಪುಟ್ಟ ಪ್ರೋಗ್ರಾಂ ಬರೆದುಕೊಂಡೆ.

ನಮ್ಮೂರ ಕಡೆ ಹೋಗೋ ರಾತ್ರಿ ಬಸ್ಸಿನಲ್ಲಿ ಪರಿಚಯದವರ ಕೈಲಿ ಕಳಿಸಿಕೊಟ್ಟೆ. ಮೂರು ದಿನ ಬಿಟ್ಟು ರಾತ್ರಿ ಒಂದೂವರೆಗೆ ಫೋನು. ಆ ಹೊತ್ತಲ್ಲಿ ಊರಿಂದ ಫೋನ್ ಬಂದರೆ ಎದೆ ಧಸಕ್ಕೆನ್ನುತ್ತೆ. ಎತ್ತಿದರೆ ಹಿಂದುಗಡೆ ಎಮ್ಮೆ ಹಾಡು. "ಅಣ್ಣಾ, ಅಪ್ಪ ಇದ್ನ ಹಾಡ್ತಿದ್ದಾಗ ಕೊನೇಗೆ ಎಮ್ಮೆ ಥರಾನೇ ಕೂಗ್ತಿದ್ರು, ನೆಪ್ಪೈತಾ?" ಅಂದ. ನೆನಪಿತ್ತು. ಇಬ್ಬರೂ ಒಂದಷ್ಟು ಹೊತ್ತು ನಕ್ಕೆವು, ನಿದ್ದೆ ಕೆಟ್ಟ ನನ್ನ ಹೆಂಡತಿ ಎದ್ದು ನೋಡಿದಳು. ಅಷ್ಟರಲ್ಲಿ ಅವನು, "ಬಂತು ಬಂತು, ಇಡ್ತೀನಿ" ಅಂದು ಕಟ್ ಮಾಡಿದ.

ಭರಣಿ ಮಳೆ ಹುಟ್ಟೋಕೆ ಇನ್ನೂ ಹತ್ತು ದಿನ ಇದೆ. ಮಳೆ ಹಾಡುಗಳನ್ನ ಬೇರೆ ಪೆನ್‌ಡ್ರೈವಿಗೆ ಹಾಕಿಟ್ಟಿದೀನಿ, ಅವನಾಗಿ ಕೇಳಿದ ದಿನ ಕಳಿಸೋಕೆ.