ಬಿ.ಟಿ.ಎಂ., ಜೆ.ಪಿ. ನಗರ, ಬನಶಂಕರಿ, ಜಯನಗರ... ಮತ್ತು ನನ್ನಮ್ಮ

"ಆಫೀಸಿಗೆ ಹತ್ತಿರ ಮನೆ ಮಾಡ್ಕೊಳ್ಳಿ, ಉಳಿದಿದ್ದೆಲ್ಲ ತಾನಾಗೇ ಸರಿಹೋಗುತ್ತೆ."

2025ರ ಆಗಸ್ಟಿನಲ್ಲಿ ಇವರಿಗೆ ಮೈಸೂರಿನಿಂದ ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಗೆ ವರ್ಗವಾದಾಗ ನಮಗೆ ಸಿಕ್ಕ ಮೊದಲ ಬಿಟ್ಟಿ ಸಲಹೆ ಇದು. ಎರಡನೆಯದು ನಾದಿನಿಯದು: "ಬನಶಂಕರಿ ಬಿಟ್ಟು ಬೇರೆಲ್ಲೂ ಹೋಗ್ಬೇಡಿ ಅತ್ತಿಗೆ." ಮೂರನೆಯದು ಸುರತ್ಕಲ್ಲಿನ ಹಾಸ್ಟೆಲಿನಿಂದ ಮಗನದು: "ಬಿ.ಟಿ.ಎಂ. ನೋಡಮ್ಮಾ, ರಾತ್ರಿ ಹನ್ನೆರಡಕ್ಕೂ ಊಟ ಸಿಗುತ್ತೆ." ರಾತ್ರಿ ಹನ್ನೆರಡಕ್ಕೆ ನಮಗ್ಯಾಕಪ್ಪಾ ಊಟ! :-)

ನಮ್ಮವರಿಗೆ ಏನೇ ಇದ್ದರೂ ಲೆಕ್ಕ ಹಾಕಿ ನೋಡುವ ಅಭ್ಯಾಸ. ಹಳೇ ಕ್ಯಾಲೆಂಡರಿನ ಹಾಳೆ ಹರಿದು, ಹಿಂಬದಿಯಲ್ಲಿ ಗೆರೆ ಎಳೆದು ಐದು ಕಾಲಂ ಮಾಡಿದರು. ಬಾಡಿಗೆ, ಅಡ್ವಾನ್ಸು, ಆಫೀಸಿಗೆ ಎಷ್ಟು ಹೊತ್ತು, ನೀರು, ಕಾರು ನಿಲ್ಲಿಸೋ ಜಾಗ. ನಾನು ಆ ಹಾಳೆಯನ್ನ ನೋಡಿದೆ. ಎಲ್ಲಾ ಇತ್ತು, ಅಮ್ಮ ಇರಲಿಲ್ಲ.

ಅಮ್ಮನ ವಿಷಯ ಸ್ವಲ್ಪ ಹೇಳಬೇಕು. ಅಪ್ಪ ಹೋದ ಮೇಲೆ ಅಮ್ಮ ತೀರ್ಥಹಳ್ಳಿಯ ಮನೆಯಲ್ಲಿ ಒಬ್ಬಳೇ ಇದ್ದಳು. 2014ರಲ್ಲಿ ನಾವು ಬೆಂಗಳೂರಲ್ಲೇ, ಊರಾಚೆಯ ಒಂದು ದೊಡ್ಡ ಅಪಾರ್ಟ್‌ಮೆಂಟಿನ ಒಂಬತ್ತನೇ ಮಹಡಿಯಲ್ಲಿದ್ದೆವು. ಒತ್ತಾಯ ಮಾಡಿ ಕರೆಸಿಕೊಂಡೆ. ಬಂದಳು. ಮನೆ ನೋಡಿ "ಚೆನ್ನಾಗಿದೆ" ಅಂದಳು. ಅಡುಗೆಮನೆ ನೋಡಿ "ಚೆನ್ನಾಗಿದೆ" ಅಂದಳು. ಲಿಫ್ಟು, ಈಜುಕೊಳ, ಗೇಟಿನ ಸೆಕ್ಯುರಿಟಿ, ಎಲ್ಲವೂ "ಚೆನ್ನಾಗಿದೆ". ಎರಡೂವರೆ ತಿಂಗಳಾದ ಮೇಲೆ ಎಳ್ಳಮಾವಾಸ್ಯೆ ಜಾತ್ರೆಗೆ ಅಂತ ಊರಿಗೆ ಹೋದವಳು ವಾಪಸ್ ಬರಲೇ ಇಲ್ಲ. ಕೇಳಿದರೆ "ಕಾಲುನೋವು, ಬಸ್ಸಲ್ಲಿ ಕೂರೋಕಾಗಲ್ಲ" ಅಂತಿದ್ದಳು. ಮಗಳ ಮನೆಯಲ್ಲಿ ಎಷ್ಟು ದಿನ ಇರೋದು ಅನ್ನೋ ಸಂಕೋಚ ಇರಬೇಕು ಅಂದುಕೊಂಡು ಸುಮ್ಮನಾದೆ.

ಎಷ್ಟೋ ವರ್ಷದ ಮೇಲೆ ನಿಜ ಗೊತ್ತಾಯಿತು. ಪಕ್ಕದ ಮನೆಯವರ ಹತ್ತಿರ ಹೇಳಿಕೊಂಡಿದ್ದಳಂತೆ: "ಅಲ್ಲಿ ನಾನು ಹೊರಗೆ ಕಾಲಿಟ್ಟಿದ್ದೇ ನಾಲ್ಕು ಸಲ ಮಾರಾಯ್ತಿ. ಕೆಳಗೆ ಇಳಿದ್ರೆ ಎಲ್ಲಿಗೆ ಹೋಗೋದು? ಗೇಟಿನಿಂದ ಆಚೆ ಬರೀ ರಸ್ತೆ."

ನಾಲ್ಕು ಸಲ. ಎಪ್ಪತ್ತೈದು ದಿನದಲ್ಲಿ.

ಹೋದ ವರ್ಷ ಮಳೆಗಾಲದಲ್ಲಿ ಅಮ್ಮ ಬಚ್ಚಲಲ್ಲಿ ಜಾರಿಬಿದ್ದಳು. ದೇವರು ದೊಡ್ಡವನು, ಮೂಳೆ ಮುರಿಯಲಿಲ್ಲ. ಆದರೆ ಡಾಕ್ಟರು ಇನ್ನು ಒಬ್ಬರೇ ಇರಬೇಡಿ ಅಂತ ಖಡಾಖಂಡಿತವಾಗಿ ಹೇಳಿದರು. ಎಪ್ಪತ್ತೆರಡು ವರ್ಷ ಅವಳಿಗೆ. ಈ ಸಲವೂ ಹೊಂದಿಕೆಯಾಗದೆ ಹೊರಟು ಹೋದರೆ ಮೂರನೇ ಅವಕಾಶ ಇರಲ್ಲ ಅಂತ ನನಗೆ ಗೊತ್ತಿತ್ತು.

ಸರಿ, ಶನಿವಾರ ಭಾನುವಾರ ಮೈಸೂರಿನಿಂದ ಬಂದು ನಾದಿನಿ ಮನೆಯಲ್ಲಿ ಉಳಿದು ಬೀದಿ ಸುತ್ತಲು ಶುರು ಮಾಡಿದೆವು.

ಮೊದಲು ಬಿ.ಟಿ.ಎಂ. ಲೇಔಟು. ಬೈರಸಂದ್ರ, ತಾವರೆಕೆರೆ, ಮಡಿವಾಳ ಅನ್ನೋ ಮೂರು ಹಳ್ಳಿಗಳ ಮೊದಲಕ್ಷರ ಸೇರಿ ಆದ ಹೆಸರು ಅದು. ನಾವು ನೋಡಿದ್ದರಲ್ಲಿ ಬಾಡಿಗೆ ಕಡಿಮೆ ಇದ್ದದ್ದು ಇಲ್ಲೇ, ಇವರ ಆಫೀಸಿಗೂ ಹತ್ತಿರ. ಆದರೆ ನೋಡಿದ ಬೀದಿಯಲ್ಲಿ ಮನೆಗಿಂತ ಪಿ.ಜಿ.ಗಳೇ ಜಾಸ್ತಿ. ಫುಟ್‌ಪಾತ್ ತುಂಬಾ ಸ್ಕೂಟರು.

ಜೆ.ಪಿ. ನಗರ ಅಂದರೆ ಜಯಪ್ರಕಾಶ ನಾರಾಯಣರ ಹೆಸರಿನ ಬಡಾವಣೆ. ನನಗೆ ಇದರ ಮೇಲೆ ಮೊದಲಿಂದ ಆಸೆ. ಎರಡನೇ ಹಂತದಲ್ಲಿ 2004ರಲ್ಲಿ ಶುರುವಾದ ರಂಗಶಂಕರ, ಮೂರನೇ ಹಂತದಲ್ಲಿ ಮಿನಿ ಫಾರೆಸ್ಟು. ನಾಟಕ ನೋಡಿ ನಡೆದುಕೊಂಡೇ ಮನೆಗೆ ಬರಬಹುದು ಅಂತ ಕನಸು ಕಂಡಿದ್ದೆ. ಆದರೆ ಒಂದರಿಂದ ಒಂಬತ್ತರವರೆಗೆ ಹಂತಗಳಿವೆಯಲ್ಲ, ನಮ್ಮ ದುಡ್ಡಿಗೆ ಸಿಗುತ್ತಿದ್ದದ್ದು ದೊಡ್ಡ ನಂಬರಿನವು! ಬನಶಂಕರಿಯದ್ದೂ ಅದೇ ಕತೆ. ರಾಹುಕಾಲಕ್ಕೆ ನಿಂಬೆಹಣ್ಣಿನ ದೀಪ ಹಚ್ಚುವ ಬನಶಂಕರಿ ಅಮ್ಮನ ಗುಡಿಯ ಪಕ್ಕದಲ್ಲೇ ಇರ್ತೀವಿ ಅಂದುಕೊಂಡು ಹೋದರೆ ಅದು ಆರನೇ ಹಂತ, ತಲಘಟ್ಟಪುರದ ಹತ್ತಿರ! ಬೆಂಗಳೂರಲ್ಲಿ ಬಡಾವಣೆಯ ಹೆಸರು ಕೇಳಿ ಖುಷಿಪಡಬಾರದು, ಮುಂದಿನ ನಂಬರನ್ನೂ ಕೇಳಬೇಕು.

ಇನ್ನೊಂದು ಕೇಳಬೇಕಾದದ್ದು, "ಕಾವೇರಿ ಇದೆಯಾ?" ಬೇರೆ ಊರಿನವರಿಗೆ ಇದು ವಿಚಿತ್ರ ಅನ್ನಿಸಬಹುದು. ಕಾವೇರಿ ನೀರು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ದೂರ, ಹಾರೋಹಳ್ಳಿ, ತಾತಗುಣಿ ಅಂತ ಮೆಟ್ಟಿಲು ಮೆಟ್ಟಿಲಾಗಿ ಪಂಪು ಮಾಡಿಸಿಕೊಂಡು ಬೆಂಗಳೂರಿಗೆ ಹತ್ತಿ ಬರುತ್ತೆ. ಮೊದಲ ಹಂತ ಬಂದದ್ದು 1974ರಲ್ಲಿ. ಹಳೇ ಬಡಾವಣೆಗಳಿಗೆ ಕೊಳಾಯಿ ಮೊದಲೇ ಬಂತು. 2007ರಲ್ಲಿ ನಗರಕ್ಕೆ ಸೇರಿಸಿದ 110 ಹಳ್ಳಿಗಳಿಗೆ ನೀರು ಕೊಡೋಕೆ ಅಂತಲೇ ಮಾಡಿದ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಅದೇ ವರ್ಷದ ಬೇಸಿಗೆಯಲ್ಲಿ ಬೋರ್‌ವೆಲ್ ಒಣಗಿ, ಟ್ಯಾಂಕರಿಗೆ ಕಾದವರ ಪಾಡು ನೆನಪಿದೆಯಲ್ಲ? ಹೊಳೆದಂಡೆಯ ಊರಿನ ನನ್ನಮ್ಮನಿಗೆ ಟ್ಯಾಂಕರ್ ನೀರು ಕುಡಿ ಅಂತ ನಾನು ಹೇಗೆ ಹೇಳಲಿ?

ಮನೆ ಹುಡುಕುವಾಗ ಮಾಲೀಕರು ಕೇಳುವ ಪ್ರಶ್ನೆಗಳೂ ಇರ್ತಾವೆ. ವೆಜ್ಜಾ, ನಾನ್‌ವೆಜ್ಜಾ, ಎಷ್ಟು ಜನ, ನಾಯಿ ಇದೆಯಾ. ಇದಕ್ಕೆಲ್ಲಾ ನಾನು ತಯಾರಾಗಿದ್ದೆ. ಆದರೆ ಒಂದು ಮನೆಯಲ್ಲಿ (ಯಾವ ಏರಿಯಾ ಅನ್ನೋದು ಬೇಡ ಬಿಡಿ) ಎಲ್ಲಾ ಮಾತಾಗಿ, ಕಾಫಿಯೂ ಆದ ಮೇಲೆ "ನಮ್ಮಮ್ಮನೂ ಜೊತೆಗಿರ್ತಾರೆ" ಅಂದೆ. ಆ ಹೆಂಗಸಿನ ಮುಖ ಬದಲಾಯಿತು. "ವಯಸ್ಸೆಷ್ಟು? ... ಬೇಜಾರು ಮಾಡ್ಕೋಬೇಡಿ, ನಾಳೆ ಏನಾದ್ರೂ ಆದ್ರೆ... ಇದು ಹೊಸಾ ಮನೆ ನೋಡಿ." ಸೂತಕದ ಮಾತು! ನನ್ನ ಕಣ್ಣಲ್ಲಿ ನೀರು ಬಂತು. ಇವರು ಎದ್ದು ನಿಂತು "ಕಾಫಿ ಚೆನ್ನಾಗಿತ್ತು" ಅಂದು ಚಪ್ಪಲಿ ಹಾಕಿಕೊಂಡರು. ಅವತ್ತು ನನ್ನ ಗಂಡನ ಮೇಲೆ ತುಂಬಾ ಅಭಿಮಾನ ಬಂತು.

ಆದರೂ ನಮ್ಮಿಬ್ಬರಿಗೆ ಜಗಳ ಆಗಲಿಲ್ಲ ಅಂತಲ್ಲ. ಜಯನಗರದ ಐದನೇ ಬ್ಲಾಕಿನಲ್ಲಿ ಒಂದು ಮನೆ ಸಿಕ್ಕಿತ್ತು. ಮಾಲೀಕರ ಮನೆಯ ಹಿಂಭಾಗ, ನೆಲಮಹಡಿ, ಎರಡು ಚಿಕ್ಕ ರೂಮು, ಕಾವೇರಿ ಕೊಳಾಯಿ. ಬಾಡಿಗೆ 36 ಸಾವಿರ, ಕಾರಿಗೆ ಜಾಗವಿಲ್ಲ. ಅದಕ್ಕಿಂತ ಎಂಟು ಸಾವಿರ ಕಡಿಮೆಗೆ ಜೆ.ಪಿ. ನಗರದ ಆ ಕೊನೆಯಲ್ಲಿ ಆರನೇ ಮಹಡಿಯ ಮೂರು ಬೆಡ್‌ರೂಮಿನ ಫ್ಲಾಟು ಕಾದಿತ್ತು. "ಜಾಸ್ತಿ ದುಡ್ಡು ಕೊಟ್ಟು ಅರ್ಧ ಮನೆ ತಗೊಳ್ಳೋರು ಯಾರಾದ್ರೂ ಇದಾರಾ?" ಅಂದರು ಇವರು. ನಾನು ಅದೇ ಕ್ಯಾಲೆಂಡರ್ ಹಾಳೆ ತೆಗೆದು ಆರನೇ ಕಾಲಂ ಎಳೆದೆ. 'ಯಾರು ಎಷ್ಟು ಹೊತ್ತು ಎಚ್ಚರವಾಗಿ ಮನೆಯಲ್ಲಿರ್ತಾರೆ?' ಇವರು: ದಿನಕ್ಕೆ ಮೂರು ಗಂಟೆ. ನಾನು ಮನೆಯಿಂದಲೇ ಅಂಗಡಿಗಳ ಲೆಕ್ಕ ಬರೆಯೋಳು, ಆದರೂ ನಾಲ್ಕು ಕಡೆ ಓಡಾಡಬೇಕು: ಹತ್ತು ಗಂಟೆ. ಅಮ್ಮ: ಹದಿನಾರು.

ಇವರು ಸುಮ್ಮನಾದರು. ಆಮೇಲೆ "ಅತ್ತೆಯನ್ನೇ ಕರ್ಕೊಂಡು ಬಂದು ತೋರಿಸೋಣ" ಅಂದರು.

ಸೆಪ್ಟೆಂಬರಿನಲ್ಲಿ ಅಮ್ಮ ಬಂದಳು. ಬಿ.ಟಿ.ಎಂ. ಮನೆಯ ಗೇಟಿನ ಮುಂದೆ ರಸ್ತೆ ದಾಟೋಕೆ ಐದು ನಿಮಿಷ ನಿಂತಳು, ಆಗಲಿಲ್ಲ, ನನ್ನ ಕೈ ಹಿಡಿದಳು. ಜೆ.ಪಿ. ನಗರದ ಫ್ಲಾಟು ತೋರಿಸಿದೆವು. ಬಾಲ್ಕನಿ, ಗಾಳಿ, ಬೆಳಕು, ಎಲ್ಲಾ ಇತ್ತು. ಅಮ್ಮ ಸುತ್ತ ನೋಡಿ "ಚೆನ್ನಾಗಿದೆ" ಅಂದಳು.

ನನ್ನ ಎದೆ ಧಸಕ್ ಅಂತು. ಅದೇ ದನಿ, 2014ರದ್ದು.

ಕೊನೆಗೆ ಜಯನಗರದ ಮನೆ. ಬಾಗಿಲು ದಾಟಿದ್ದೇ ತಡ ಅಮ್ಮ ಶುರು ಮಾಡಿದಳು. "ಎಂತ ಇದು, ಅಡುಗೆಮನೆ ಇಷ್ಟು ಕತ್ತಲೆ? ಬಟ್ಟೆ ಎಲ್ಲಿ ಒಣಗಿಸೋದು? ತುಳಸಿ ಎಲ್ಲಿಡೋದು, ಈ ಮೂಲೆಗೆ ಬಿಸಿಲೇ ಬೀಳಲ್ಲ." ಇವರು ನನ್ನ ಮುಖ ನೋಡಿದರು, ನಾನು ಇವರ ಮುಖ ನೋಡಿದೆ. ಮುಗೀತು ಅಂದುಕೊಂಡು ಮಾಲೀಕರ ಹತ್ತಿರ ಏನೋ ಮಾತಾಡ್ತಾ ನಿಂತೆವು. ತಿರುಗಿ ನೋಡಿದರೆ ಅಮ್ಮ ಇಲ್ಲ!

ಫೋನು ನನ್ನ ಬ್ಯಾಗಿನಲ್ಲೇ ಇತ್ತು. ಇವರು ಒಂದು ಕಡೆ, ನಾನು ಒಂದು ಕಡೆ ಓಡಿದೆವು. ನಲವತ್ತು ನಿಮಿಷ. ಕೊನೆಗೆ ಅವಳೇ ಕ್ರಾಸಿನ ಮೂಲೆಯಿಂದ ನಿಧಾನವಾಗಿ ನಡೆದುಕೊಂಡು ಬಂದಳು. ಕೈಯಲ್ಲಿ ಎರಡು ಕಟ್ಟು ಕೊತ್ತಂಬರಿ. "ಇಪ್ಪತ್ತಕ್ಕೆ ಎರಡು ಕೊಟ್ಟ. ಮೂರು ಕೊಡು ಅಂದ್ರೆ ಕೊಡಲಿಲ್ಲ, ಜಿಪುಣ." ದಾರಿ ಹೇಗೆ ಗೊತ್ತಾಯ್ತಮ್ಮಾ ಅಂದರೆ, "ಬೋರ್ಡಿದೆಯಲ್ಲೇ, ಕನ್ನಡದಲ್ಲೇ ಬರೆದಿದ್ದಾರೆ. ಕ್ರಾಸು ಎಣಿಸ್ಕೊಂಡು ಹೋದೆ, ಎಣಿಸ್ಕೊಂಡು ಬಂದೆ."

ಜಯನಗರಕ್ಕೆ ಅಡಿಗಲ್ಲು ಹಾಕಿದ್ದು 1948ರಲ್ಲಿ, ಆಗಿನ ಗವರ್ನರ್ ಜನರಲ್ ರಾಜಗೋಪಾಲಾಚಾರಿ. ಆಗ ಊರಿನ ದಕ್ಷಿಣದ ಕೊನೆ ಅಂದರೆ ಸೌತ್ ಎಂಡ್ ಸರ್ಕಲ್ಲೇ, ಹೆಸರೇ ಹೇಳುತ್ತಲ್ಲ. ಅಲ್ಲಿಂದಾಚೆಗೆ ಬ್ಲಾಕು, ಮೇನು, ಕ್ರಾಸು ಅಂತ ನಂಬರು ಕೊಟ್ಟು, ನಡುನಡುವೆ ಪಾರ್ಕಿಗೆ ಜಾಗ ಬಿಟ್ಟು, ನಾಲ್ಕನೇ ಬ್ಲಾಕಿನಲ್ಲಿ ಅಂಗಡಿ ಸಾಲು ಇಟ್ಟು ಊರು ಕಟ್ಟಿದರು. ಈಗ ಮನೆಗಳ ಜಾಗದಲ್ಲಿ ಅಂಗಡಿಗಳು ಬಂದಿವೆ, ನಾಲ್ಕನೇ ಬ್ಲಾಕಿನ ಪುಟ್ಟಣ್ಣ ಚಿತ್ರಮಂದಿರವೂ ಇಲ್ಲ. ಆದರೆ ಎಣಿಸಿಕೊಂಡು ಹೋಗಿ ಎಣಿಸಿಕೊಂಡು ಬರಬಹುದಾದ ಆ ಲೆಕ್ಕ ಉಳಿದಿದೆ. ಅದನ್ನ ಬರೆದವರು ನನ್ನಮ್ಮನಂಥವಳ ಬಗ್ಗೆ ಯೋಚಿಸಿದ್ದರೋ ಇಲ್ಲವೋ, ಅವಳಿಗೆ ಉಪಯೋಗಕ್ಕಂತೂ ಬಂತು.

ರಾತ್ರಿ ನಾದಿನಿ ಮನೆಯಲ್ಲಿ ಇವರೇ ಹೇಳಿದರು. "ಗಮನಿಸಿದ್ಯಾ? ಇರೋಕೆ ಮನಸ್ಸಿಲ್ಲದ ಮನೇನ ಅತ್ತೆ ಹೊಗಳ್ತಾರೆ. ಇವತ್ತು ಮೊದಲನೇ ಸಲ ಬೈದ್ರು."

ಎಷ್ಟು ನಿಜ! ನೆಂಟರ ಮನೆಯನ್ನ ಯಾರು ಬೈತಾರೆ ಹೇಳಿ? ಬೈಯೋದು ನಮ್ಮ ಮನೆಯನ್ನೇ.

ಹತ್ತು ತಿಂಗಳ ಅಡ್ವಾನ್ಸ್ ಕೇಳಿದ್ದರು, ಚೌಕಾಸಿ ಮಾಡಿ ಆರಕ್ಕೆ ಇಳಿಸಿದೆವು. ಕರಾರುಪತ್ರ ಮಾಮೂಲಿನಂತೆ 11 ತಿಂಗಳದ್ದು. (ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನ 1908ರ ನೋಂದಣಿ ಕಾಯ್ದೆ ಪ್ರಕಾರ ರಿಜಿಸ್ಟರ್ ಮಾಡಿಸಲೇಬೇಕು, ಅದನ್ನ ತಪ್ಪಿಸೋಕೆ ಈ ಹನ್ನೊಂದರ ಲೆಕ್ಕ.) ಕಾರು ಮಾರಿದೆವು. ಅದು ಸುಲಭದ ಮಾತಾಗಿರಲಿಲ್ಲ, ಇವರು ಎರಡು ದಿನ ಮಂಕಾಗಿದ್ದರು.

ಕಾರಿಲ್ಲದೆ ಆಫೀಸಿಗೆ ಹೋಗುವ ಧೈರ್ಯ ಕೊಟ್ಟಿದ್ದು ಮೆಟ್ರೋ. 2025ರ ಆಗಸ್ಟ್ 10ಕ್ಕೆ ಆರ್.ವಿ. ರೋಡಿನಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ ಶುರುವಾಯಿತು. ಶುರುವಿಗೆ ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. ಒಂದು ತಪ್ಪಿದರೆ ಪ್ಲಾಟ್‌ಫಾರಮ್ಮಿನಲ್ಲೇ ಅರ್ಧ ಪೇಪರ್ ಓದಿ ಮುಗಿಸಬಹುದಿತ್ತು. ಆಮೇಲೆ ರೈಲು ಹೆಚ್ಚಾದವು. ಇವರು ಮನೆಯಿಂದ ಹದಿನೈದು ನಿಮಿಷ ನಡೆದು ರೈಲು ಹತ್ತಿದರೆ ಸಿಲ್ಕ್ ಬೋರ್ಡಿನ ಟ್ರಾಫಿಕ್ಕನ್ನು ಮೇಲಿಂದ ನೋಡಿಕೊಂಡು ಹೋಗ್ತಾರೆ. ಹಾಗಂತ ಮೆಟ್ರೋ ಪುಕ್ಕಟೆ ಬಂದಿಲ್ಲ. ಅಮ್ಮ ದಿನಾ ಕೂರುವ ಲಕ್ಷ್ಮಣ ರಾವ್ ಪಾರ್ಕಿನ ಮರಗಳಿಗಾಗಿ 2009ರಲ್ಲಿ ಇಲ್ಲಿನ ಜನ ಬೀದಿಗಿಳಿದಿದ್ದರು. ನಮಗೆ ಅನುಕೂಲವಾದದ್ದರಲ್ಲಿ ಯಾರದೋ ನಷ್ಟವೂ ಇದೆ ಅನ್ನೋದು ಮರೆಯಬಾರದು.

ಅಕ್ಟೋಬರಿನಲ್ಲಿ ಹಾಲುಕ್ಕಿಸಿದೆವು. ಅಡುಗೆಮನೆ ಈಗಲೂ ಕತ್ತಲೆಯೇ, ಹಗಲೂ ಲೈಟು ಬೇಕು. ತುಳಸಿ ಮೂರು ಜಾಗ ಬದಲಾಯಿಸಿ ಈಗ ಮಾಲೀಕರ ಮೆಟ್ಟಿಲ ಮೇಲೆ ಕೂತಿದೆ. ಮಗ ರಜಕ್ಕೆ ಬಂದರೆ ಹಾಲಿನಲ್ಲೇ ಹಾಸಿಗೆ.

ಡಿಸೆಂಬರಿನಲ್ಲಿ ಅಮ್ಮ "ಎಳ್ಳಮಾವಾಸ್ಯೆ ಜಾತ್ರೆಗೆ ಹೋಗ್ಬೇಕು" ಅಂದಳು.

ನಾನು ಏನೂ ಹೇಳಲಿಲ್ಲ. ಬಸ್ಸು ಹತ್ತಿಸಿ ಬಂದೆ. ಅವಳ ಮಾತ್ರೆ ಡಬ್ಬಿ, ಶಾಲು, ಕನ್ನಡಕದ ಗೂಡು ಎಲ್ಲಾ ತಗೊಂಡು ಹೋಗಿದ್ದಳು. ರೂಮು ಖಾಲಿ ಖಾಲಿ. ರಾತ್ರಿ ಊಟ ಸೇರಲಿಲ್ಲ. ಇವರೂ ಮಾತಾಡಲಿಲ್ಲ.

ಒಂಬತ್ತನೇ ದಿನಕ್ಕೆ ಫೋನು. "ಭಾನುವಾರಕ್ಕೆ ಬಸ್ ಬುಕ್ ಮಾಡೇ. ಇಲ್ಲಿ ಸಂಜೆ ಹೊತ್ತೇ ಹೋಗಲ್ಲ ಮಾರಾಯ್ತಿ, ಎಲ್ಲರೂ ಟೀವಿ ಮುಂದೆ. ಜನವರಿಯಲ್ಲಿ ಪಾರ್ಕಿನವರೆಲ್ಲ ಸೇರಿ ಲಾಲ್‌ಬಾಗಿನ ಹೂವಿನ ಪ್ರದರ್ಶನಕ್ಕೆ ಮೆಟ್ರೋದಲ್ಲಿ ಹೋಗೋದು ಅಂತ ಮಾತಾಗಿದೆ. ಆಮೇಲೆ ಆ ಅಡುಗೆಮನೆಗೆ ಒಂದು ಒಳ್ಳೇ ಬಲ್ಬು ತಂದ್ರಾ ಇಲ್ವಾ?"

ತಂದಿರಲಿಲ್ಲ. ಅವತ್ತೇ ಸಂಜೆ ನಾಲ್ಕನೇ ಬ್ಲಾಕಿಗೆ ಹೋಗಿ ತಂದೆ.

ನೀವೂ ಮನೆ ಹುಡುಕುತ್ತಿದ್ದರೆ ಒಂದೇ ಮಾತು. ಬಾಡಿಗೆ, ನೀರು, ದೂರ ಎಲ್ಲಾ ಲೆಕ್ಕ ಹಾಕಿ. ಜೊತೆಗೆ ಇಡೀ ದಿನ ಆ ಮನೆಯಲ್ಲಿ ಇರುವವರನ್ನ ಒಮ್ಮೆ ಆ ಬೀದಿಯಲ್ಲಿ ಒಬ್ಬರೇ ಓಡಾಡೋಕೆ ಬಿಡಿ. ಅವರು ವಾಪಸ್ ಬಂದು ಏನಾದರೂ ಬೈದರೆ, ಅಡ್ವಾನ್ಸು ಕೊಟ್ಟುಬಿಡಿ!