ಫಾರಂ ಬರೆಯುತ್ತಿದ್ದ ಕಾಲ

ಟೆಲಿಫೋನ್ ತಂತಿಗೆ ಮಾಡೆಮ್ ಜೋಡಿಸಿ, ಅದರ ಕಿರುಚಾಟ ನಿಲ್ಲುವವರೆಗೆ ಕಾದು, ಆಮೇಲೆ ಅಂತರಜಾಲವನ್ನು ಹೊಗುತ್ತಿದ್ದ 1990ರ ದಶಕದ ಕೊನೆಯ ವರ್ಷಗಳಲ್ಲಿ, ಬೆಂಗಳೂರಿನ ಸಣ್ಣ ಕಚೇರಿಯೊಂದರಲ್ಲಿ ವೆಬ್ ಫಾರಂಗಳನ್ನು ಬರೆಯುವ ಕಸುಬಿಗೆ ಸೇರಿದವರಲ್ಲಿ ನಾನೂ ಒಬ್ಬನಾಗಿದ್ದೆನು. ತುಂಬಿದ ಅರ್ಜಿಯು ಸರ್ವರನ್ನು ಮುಟ್ಟಿ, ತಪ್ಪಿದೆಯೆಂಬ ಸಮಾಚಾರದೊಡನೆ ಹಿಂದಿರುಗಲು ಬಹಳ ಹೊತ್ತು ಹಿಡಿಯುತ್ತಿದ್ದುದರಿಂದ, 1995ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯಲ್ಲಿ ಹುಟ್ಟಿದ ಜಾವಾಸ್ಕ್ರಿಪ್ಟಿಗೆ ನಾವು ಮೊದಲು ಒಪ್ಪಿಸಿದ ಕೆಲಸವೆಂದರೆ, ದ್ವಾರಪಾಲಕನಂತೆ ಬ್ರೌಸರಿನಲ್ಲೇ ನಿಂತು ಅರ್ಜಿಯನ್ನು ಪರೀಕ್ಷಿಸುವುದು.

ಆಗಿನ ವಾಡಿಕೆಯಂತೆ ಇಡೀ ಪರೀಕ್ಷೆ ಒಂದೇ ‘ಇಫ್’ನ ಆವರಣದೊಳಗೆ ಅಡಗಿರುತ್ತಿತ್ತು. ಹೆಸರು ಖಾಲಿಯಿದ್ದರೆ, ಅಥವಾ ಫೋನೂ ಇಮೇಲೂ ಎರಡೂ ಖಾಲಿಯಿದ್ದರೆ, ಅಥವಾ ಪಿನ್‌ಕೋಡ್ 6 ಅಂಕಿಯದಲ್ಲದಿದ್ದರೆ, ಹೀಗೆ ಹೆಣೆದ ಸಾಲು ಪರದೆಯ ಅಂಚನ್ನು ದಾಟಿ ಕಣ್ಮರೆಯಾಗುತ್ತಿತ್ತು. ಹಾಗೆ ಬರೆದವನೇ ಚತುರನೆಂಬ ಹೆಮ್ಮೆ ಬೇರೆ! ಆವರಣಚಿಹ್ನೆ ಇಲ್ಲದೆಡೆ ‘ಮತ್ತು’ ಎಂಬುದು ‘ಅಥವಾ’ಕ್ಕಿಂತ ಮೊದಲು ಲೆಕ್ಕಕ್ಕೆ ಬರುವುದೆಂಬ ನಿಯಮವನ್ನು ಯಂತ್ರ ಎಂದೂ ಮರೆಯದು, ಓದುವ ಮನುಷ್ಯ ಮರೆಯುವನು.

ವಿದ್ಯಾಸಂಸ್ಥೆಯೊಂದರ ನೋಂದಣಿಗಾಗಿ ಸಿದ್ಧವಾದ ಫಾರಂ ಒಂದರಲ್ಲಿ, ಬಂದವನು ವಿದ್ಯಾರ್ಥಿಯಲ್ಲದಿದ್ದರೆ ಅಥವಾ ಅಧ್ಯಾಪಕನಲ್ಲದಿದ್ದರೆ ತಿರಸ್ಕರಿಸತಕ್ಕದ್ದೆಂದು ಬರೆದಿದ್ದ ಕಾರಣ, ಅಧ್ಯಾಪಕನಲ್ಲವೆಂದು ವಿದ್ಯಾರ್ಥಿಯೂ, ವಿದ್ಯಾರ್ಥಿಯಲ್ಲವೆಂದು ಅಧ್ಯಾಪಕನೂ ಹೊರಗುಳಿದು, ಒಬ್ಬನಾದರೂ ಒಳಹೊಗಲಿಲ್ಲ. ಈ ತೊಡಕಿನ ಪರಿಹಾರವು, ತರ್ಕಶಾಸ್ತ್ರಜ್ಞ ಜಾರ್ಜ್ ಬೂಲನ ಸಮಕಾಲೀನನೂ 1806ರಲ್ಲಿ ನಮ್ಮ ನೆರೆಯ ಮದುರೈಯಲ್ಲಿ ಜನಿಸಿದವನೂ ಆದ ಅಗಸ್ಟಸ್ ಡಿ ಮಾರ್ಗನ್ನನ ಹೆಸರಿನ ನಿಯಮಗಳಲ್ಲಿ ಎಂದೋ ಸಿದ್ಧವಾಗಿದ್ದಿತು: ನಿಷೇಧವು ಆವರಣದೊಳಕ್ಕೆ ಪ್ರವೇಶಿಸಿತೆಂದರೆ ನಡುವಣ ‘ಅಥವಾ’ ‘ಮತ್ತು’ ಆಗಲೇಬೇಕು. ನಮ್ಮಲ್ಲಿ ಬಹುಮಂದಿ ಕಾಲೇಜಿನ ಪರೀಕ್ಷೆಯಲ್ಲಿ ಲಾಜಿಕ್ ಗೇಟುಗಳ ಚಿತ್ರ ಬರೆದು ಇದೇ ನಿಯಮಕ್ಕೆ ಪೂರ್ಣಾಂಕ ಗಳಿಸಿದ್ದವರು. ಫಾರಂ ಬರೆಯುವಾಗ ಮಾತ್ರ ಅದು ಯಾರ ನೆನಪಿಗೂ ಬಾರದು.

ಬದಲಾವಣೆಯನ್ನು ತಂದವರು ಮಿತಭಾಷಿಯಾದ ಹಿರಿಯ ಸಹೋದ್ಯೋಗಿಯೊಬ್ಬರು. ಒಂದೊಂದು ಪರೀಕ್ಷೆಯನ್ನೂ ಬೇರ್ಪಡಿಸಿ, ‘ಸಂಪರ್ಕ ವಿವರವಿದೆ’, ‘ಪಿನ್‌ಕೋಡ್ ಸರಿಯಿದೆ’ ಎಂದು ಅದಕ್ಕೊಂದು ಅಸ್ತಿರೂಪದ ಹೆಸರಿಟ್ಟು, ‘ಅಲ್ಲ’ವನ್ನು ಹೊರಗೆ ಒಂದೇ ಬಾರಿ ಬಳಸಬೇಕೆಂಬುದು ಅವರ ಪದ್ಧತಿ. ಸಾಲುಗಳು ಹೆಚ್ಚಿದುವೆಂದು ನಾವು ಗೊಣಗಿದೆವು. ಆದರೆ ಯಾವ ಪರೀಕ್ಷೆ ಸೋತಿತೆಂದು ತಿಳಿಯತೊಡಗಿದ ಮೇಲೆ, ‘ಎಲ್ಲೋ ತಪ್ಪಿದೆ’ ಎಂಬ ಉದ್ಧಟ ಸಂದೇಶ ಹೋಗಿ, ಇಂಥ ಅಂಕಣವನ್ನು ತಿದ್ದಿರೆಂಬ ಮಾತು ಬಂದಿತು. ಮಕ್ಕಳ ಸಂಖ್ಯೆಯ ಅಂಕಣದಲ್ಲಿ ಸೊನ್ನೆ ಬರೆದವರನ್ನು ನಮ್ಮ ಫಾರಂ ಏಕೆ ಹಿಂದಕ್ಕಟ್ಟುತ್ತಿದೆಯೆಂಬುದೂ ಆಗಲೇ ಹೊಳೆದದ್ದು: ಸರ್ವರಿನಲ್ಲಿ ನಾವು ಬಳಸುತ್ತಿದ್ದ ಪಿಎಚ್‌ಪಿ ಭಾಷೆಯಲ್ಲಿ, ಅಂಕಣ ಖಾಲಿಯೇ ಎಂದು ಪರೀಕ್ಷಿಸುವ ‘ಎಂಪ್ಟಿ’ಗೆ ಸೊನ್ನೆಯೂ ಖಾಲಿಯೇ.

2014ರಲ್ಲಿ ಎಚ್‌ಟಿಎಂಎಲ್5 ಅಧಿಕೃತ ಮಾನಕವಾಗುವ ಹೊತ್ತಿಗೆ, ಅಂಕಣ ಕಡ್ಡಾಯವೇ, ಅದರ ರೂಪ ಸರಿಯೇ ಎಂಬ ಸಣ್ಣ ತಪಾಸಣೆಗಳನ್ನು ಬ್ರೌಸರುಗಳೇ ವಹಿಸಿಕೊಂಡುವು. ಬ್ರೌಸರನ್ನು ಬದಿಗೊತ್ತಿ ನೇರವಾಗಿ ಕಳುಹಿಸುವವರಿರುವುದರಿಂದ ಸರ್ವರಿನ ಪರೀಕ್ಷೆ ಮಾತ್ರ ಇಂದಿಗೂ ತಪ್ಪಿಲ್ಲ. ಅಡ್ಡಹೆಸರಿಲ್ಲದೆ, ಆ ಅಂಕಣದಲ್ಲಿ ತಂದೆಯ ಅಥವಾ ಊರಿನ ಹೆಸರಿನ ಒಂದಕ್ಷರವನ್ನಷ್ಟೇ ಬರೆಯುವ ನಮ್ಮವರನ್ನು, ಎರಡಕ್ಷರವಾದರೂ ಬೇಕೆಂದು ತಡೆಯುವ ಕಂಡೀಷನ್ನುಗಳು ಈಗಲೂ ಉಂಟು. ನಿಮ್ಮ ಫಾರಂನಲ್ಲಿ ಅಂಥದೊಂದಿದ್ದರೆ ದಯಮಾಡಿ ತೆಗೆದುಹಾಕಿರಿ.