ಗುಳೆ ಹೋದ ತಾಯಿಗೂ ಹೋಂವರ್ಕ್ ಗೊತ್ತಿರಲಿ

ಯಾದಗಿರಿ, ರಾಯಚೂರು ಕಡೆಯ ಹಳ್ಳಿಗಳಲ್ಲಿ ತೊಗರಿ ರಾಶಿ ಮುಗಿಯುತ್ತಿದ್ದಂತೆ ಗುಳೆ ಜೋರಾಗುತ್ತದೆ. ಅಪ್ಪ, ಅವ್ವ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೊರಡುತ್ತಾರೆ. ಸಾಲಿಗೆ ಹೋಗುವ ಮಕ್ಕಳು ಅಜ್ಜಿಯ ಹತ್ತಿರ ಉಳಿಯುತ್ತಾರೆ. ನಾನು ಗಣಿತ ಹೇಳಿಕೊಡುವ ಆರನೇ ತರಗತಿಯಲ್ಲಿ ಇಂಥ ಮಕ್ಕಳಿಲ್ಲದ ವರ್ಷವೇ ಇಲ್ಲ. ಪಾಲಕರ ಸಭೆಗೆ ಅಜ್ಜಿ ಬರುತ್ತಾಳೆ, ಹೆಬ್ಬೆಟ್ಟು ಒತ್ತಿ ಹೋಗುತ್ತಾಳೆ. ಮಗು ಏನು ಕಲಿಯುತ್ತಿದೆ ಎಂಬುದು ಊರು ಬಿಟ್ಟ ತಾಯಿಗೆ ಮುಟ್ಟುವುದೇ ಇಲ್ಲ.

2020ರಲ್ಲಿ ಕೊರೊನಾ ಬಂದು ಶಾಲೆ ಮುಚ್ಚಿದಾಗ ನಮ್ಮ ಇಲಾಖೆ ‘ವಿದ್ಯಾಗಮ’ ಆರಂಭಿಸಿತು. ಗುಡಿಯ ಕಟ್ಟೆ, ಮರದ ನೆರಳುಗಳೇ ತರಗತಿಗಳಾದವು. ಯಾರ ಮನೆಯಲ್ಲಿ ಎಂಥ ಫೋನಿದೆ, ಯಾರಲ್ಲಿ ಇಲ್ಲವೇ ಇಲ್ಲ ಎಂದು ನಾವು ಶಿಕ್ಷಕರು ಪಟ್ಟಿ ಮಾಡಿದ್ದು ಆಗಲೇ. ವಾಟ್ಸಾಪ್ ಗುಂಪುಗಳು ಹುಟ್ಟಿದ್ದೂ ಆಗಲೇ. ಶಾಲೆ ತೆರೆದ ಮೇಲೂ ಅವು ಉಳಿದುಕೊಂಡವು.

ಗುಂಪು ಇದ್ದ ಮಾತ್ರಕ್ಕೆ ಸುದ್ದಿ ತಲುಪುವುದಿಲ್ಲ. ‘ಅಭ್ಯಾಸ 3.2, ಲೆಕ್ಕ 1ರಿಂದ 8’ ಎಂದು ಟೈಪು ಮಾಡಿ ಹಾಕಿದರೆ ಓದು ಬಾರದ ತಾಯಿಗೆ ಅದರಿಂದ ಏನೂ ಸಿಗದು. ಓದು ಬರುವ ತಂದೆಗೂ ಅದು ಬರೀ ಪುಟದ ಲೆಕ್ಕ. ಹಾಗಾಗಿ ನಾನು ಮೈಕಿನ ಗುರುತು ಒತ್ತಿ ಮಾತಾಡುತ್ತೇನೆ, ಅರ್ಧ ನಿಮಿಷ, ನಮ್ಮ ಕಡೆಯ ಮಾತಿನಲ್ಲೇ. ಒಂದು ದಿನ ಹೀಗೆಂದೆ: “ಇವತ್ತು ಅನುಪಾತ ಕಲ್ತೀವ್ರಿ. ಗಾರಿ ಕಲಸುವಾಗ ಸಿಮೆಂಟ್ ಎಷ್ಟು, ಉಸುಕು ಎಷ್ಟು ಹಾಕ್ತೀರಿ ಅಂತ ಮಕ್ಕಳು ಕೇಳ್ತಾರ. ಅವರಿಗೆ ತಿಳಿಸಿ ಹೇಳ್ರಿ.”

ಆ ರಾತ್ರಿ ಬೆಂಗಳೂರಿನ ಶೆಡ್ಡುಗಳಿಂದ ಊರಿಗೆ ಬಂದ ಕರೆಗಳಲ್ಲಿ ಗಣಿತ ಸೇರಿಕೊಂಡಿತು. ಇಟ್ಟಿಗೆ ಕಟ್ಟಲು ಒಂದಕ್ಕೆ ಆರು, ಛಾವಣಿಯ ಗಿಲಾಯಿಗೆ ಒಂದಕ್ಕೆ ನಾಲ್ಕು ಎಂದು ಮಕ್ಕಳು ಬರೆದುಕೊಂಡು ಬಂದರು. ಉಸುಕು ಹೆಚ್ಚಾದರೆ ಗೋಡೆ ಉದುರುತ್ತದೆ ಎಂದು ಒಬ್ಬ ತಾಯಿ ಧ್ವನಿ ಸಂದೇಶದಲ್ಲಿ ಬಿಡಿಸಿ ಹೇಳಿದ್ದಳು. ಅದನ್ನು ಇಡೀ ತರಗತಿಗೆ ಕೇಳಿಸಿದೆ. ಪಠ್ಯಪುಸ್ತಕದ ಅನುಪಾತ ಆ ದಿನ ಕೈಗೆ ಹತ್ತುವ ವಸ್ತುವಾಯಿತು. ಅಕ್ಷರ ಬಾರದ ತಾಯಿ ಮಗಳಿಗೆ ಪಾಠ ಹೇಳಿದವಳಾದಳು. ಹೋಂವರ್ಕಿನ ಸುದ್ದಿ ಕಳಿಸುವುದು ಇದಕ್ಕಾಗಿ. ಮಗು ಬರೆಯಿತೋ ಇಲ್ಲವೋ ಎಂದು ಕಾಯುವ ಕೆಲಸವನ್ನಷ್ಟೇ ಪಾಲಕರಿಗೆ ಒಪ್ಪಿಸಿದರೆ, ಅವರಲ್ಲಿರುವ ತಿಳಿವಳಿಕೆ ಶಾಲೆಗೆ ಬರುವ ದಾರಿ ಮುಚ್ಚಿಹೋಗುತ್ತದೆ.

ಫೋನನ್ನೇ ಪೂರ್ತಿ ನಂಬುವಂತೆಯೂ ಇಲ್ಲ. ಶಾಲಾ ಶಿಕ್ಷಣದ ಸ್ಥಿತಿ ಅಳೆಯುವ ‘ಅಸರ್’ ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದಲ್ಲಿ ಶಾಲಾ ಮಕ್ಕಳಿರುವ ಮನೆಗಳ ಪೈಕಿ 2018ರಲ್ಲಿ ಶೇ. 36ರಷ್ಟರಲ್ಲಿ ಸ್ಮಾರ್ಟ್‌ಫೋನ್ ಇತ್ತು. 2021ಕ್ಕೆ ಅದು ಶೇ. 67 ದಾಟಿತು. ಆದರೆ ಅದೇ 2021ರಲ್ಲಿ, ಮನೆಯಲ್ಲಿ ಫೋನಿದ್ದೂ ಕಾಲುಭಾಗದಷ್ಟು ಮಕ್ಕಳಿಗೆ ಅದು ಸಿಗುತ್ತಿರಲಿಲ್ಲ. ಫೋನು ಅಣ್ಣನ ಜೇಬಿನಲ್ಲಿರುತ್ತದೆ, ಇಲ್ಲವೇ ರೀಚಾರ್ಜ್ ಮುಗಿದಿರುತ್ತದೆ. ಆದ್ದರಿಂದ ಹೋಂವರ್ಕ್ ಮೊದಲು ಬೋರ್ಡಿನ ಮೇಲೆ, ಅಲ್ಲಿಂದ ಮಗುವಿನ ಕೈಬರಹದಲ್ಲಿ ನೋಟುಬುಕ್ಕಿಗೆ, ಕೊನೆಗೆ ಫೋನಿಗೆ. ತನ್ನ ಕೆಲಸ ಏನೆಂಬುದನ್ನು ಮೊದಲು ತಿಳಿದವರು ಮಗುವೇ ಆಗಿರಬೇಕು.

ಕಳಿಸುವುದು ಸುಲಭವಾದಷ್ಟೂ ಹೆಚ್ಚು ಕಳಿಸುವ ಆಸೆ ಹುಟ್ಟುತ್ತದೆ. 2020ರ ಕೇಂದ್ರದ ಶಾಲಾ ಬ್ಯಾಗ್ ನೀತಿ ಎರಡನೇ ತರಗತಿವರೆಗೆ ಹೋಂವರ್ಕ್ ಬೇಡವೆನ್ನುತ್ತದೆ, ಆರರಿಂದ ಎಂಟನೇ ತರಗತಿಗೆ ದಿನಕ್ಕೆ ಗರಿಷ್ಠ ಒಂದು ಗಂಟೆ ಎನ್ನುತ್ತದೆ. ಈ ಮಿತಿ ವಾಟ್ಸಾಪಿಗೂ ಅನ್ವಯಿಸಬೇಕು. ಇನ್ನು ಹೋಂವರ್ಕ್ ಮಾಡದವರ ಹೆಸರನ್ನು ಗುಂಪಿನಲ್ಲಿ ಹಾಕಲೇಬಾರದು. ನೂರಾರು ಮೈಲಿ ದೂರದಲ್ಲಿ ದುಡಿಯುವ ತಾಯಿ ತನ್ನ ಮಗುವಿನ ಹೆಸರನ್ನು ಎಲ್ಲರೆದುರು ಹಾಗೆ ಕೇಳಬಾರದು; ಅಂಥ ಮಾತಿದ್ದರೆ ಅವಳೊಬ್ಬಳಿಗೇ ಕರೆ ಮಾಡಬೇಕು.

ಶಾಲೆಗಳಲ್ಲಿ ನನ್ನ ಕೋರಿಕೆ ಇಷ್ಟೆ. ಮಗುವನ್ನು ದಾಖಲು ಮಾಡಿಕೊಳ್ಳುವಾಗ ಪಾಲಕರ ನಂಬರಿನ ಜೊತೆಗೆ ಇನ್ನೆರಡು ವಿಷಯ ಕೇಳಿ ಬರೆದುಕೊಳ್ಳಿ: ಗುಳೆ ಹೋದಾಗ ಮಗುವಿಗೆ ಕರೆ ಮಾಡುವವರು ಯಾರು, ಅವರಿಗೆ ಬಿಡುವಾಗುವುದು ಎಷ್ಟು ಹೊತ್ತಿಗೆ. ನಿಮ್ಮ ಧ್ವನಿ ಆ ಹೊತ್ತಿಗೆ ಮುಂಚೆಯೇ ಅವರ ಫೋನಿನಲ್ಲಿರಲಿ.